ಗುರುವಾರದ ಜೋಡಿ

ಮೇ 12, ಸೋಮವಾರ. ಸಂಜೆ 5.20

ಬಂತು. ಶ್ವೇತಭವನದ ಲಕೋಟೆ, ಎರಡು ಪ್ರತಿ. ಸಮಿತಿಯ ಕಚೇರಿಯಲ್ಲಿ ಕೈಗೆ ತೆಗೆದುಕೊಂಡಾಗ ನಾಲ್ಕು ನಲವತ್ತು. ತಂದವನು ನಾಲ್ಕು ಹದಿನೈದು ಎಂದು ಬರೆಯಿರಿ ಎಂದ. ಆಗಲೇ ಕಟ್ಟಡದೊಳಗೆ ಬಂದಿದ್ದನಂತೆ, ತಪಾಸಣೆಯ ಸಾಲಿನಲ್ಲಿ ತಡವಾಯಿತಂತೆ. ಅದು ಅವನ ಹಣೆಬರಹ. ಕಾಗದ ನನ್ನ ಕೈಗೆ ಬಂದಾಗಲೇ ಬಂದ ಹಾಗೆ. ನಾಲ್ಕು ನಲವತ್ತು ಎಂದೇ ಮೊಹರು ಒತ್ತಿದೆ. ಇಪ್ಪತ್ತೈದು ನಿಮಿಷದಿಂದ ಏನೂ ಆಗುವುದಿಲ್ಲ, ಗೊತ್ತು. ಆದರೂ ಆ ಕಡೆಯವರಿಗೆ ಒಂದು ನಿಮಿಷವನ್ನೂ ಬಿಟ್ಟುಕೊಡುವ ಮನಸ್ಸಿಲ್ಲ.

ಅಧ್ಯಕ್ಷರು ಆ ದೇಶದ ಮೇಲಿನ ನಿರ್ಬಂಧ ಸಡಿಲಿಸುತ್ತಾರಂತೆ. ದೇಶದ ಹೆಸರು ಇಲ್ಲಿ ಬರೆಯುವುದಿಲ್ಲ. ಹಳೆಯ ಚಾಳಿ, ಸ್ವಂತ ಡೈರಿಯಲ್ಲೂ ಬಿಟ್ಟಿಲ್ಲ. ಅಲ್ಲಿನ ಜನರಲ್, ಅವನ ಪೊಲೀಸು, ಅವರ ಬ್ಯಾಂಕು, ಅವರ ವಿಮಾನಗಳು — ಒಂಬತ್ತು ವರ್ಷದಿಂದ ನಾವು ಕಟ್ಟಿಹಾಕಿರುವುದು. ಈಗ ಗಂಟು ಬಿಚ್ಚಬೇಕಂತೆ.

ಬಿಚ್ಚಬಹುದು. ಆದರೆ ಮೊದಲು ನಮಗೆ ಬರೆದು ತಿಳಿಸಬೇಕು, ಆಮೇಲೆ ಮೂವತ್ತು ದಿನ ಕೈಕಟ್ಟಿ ಕೂರಬೇಕು. ಅಷ್ಟರೊಳಗೆ ಎರಡೂ ಸದನಗಳು ಬೇಡ ಎಂದು ನಿರ್ಣಯ ಮಾಡಿದರೆ ಬೇಡ. ಮತ ಒಂದೇ ಸಲ. ವೀಟೊ ಹಾಕುವುದಿಲ್ಲ ಎಂದು ಅಧ್ಯಕ್ಷರು ಟೀವಿಯಲ್ಲೇ ಹೇಳಿದ್ದಾರೆ. ಸೋಲುವುದಿಲ್ಲ ಎಂಬ ಧೈರ್ಯ. ಮುಂಚೆ ಇಷ್ಟೂ ಇರಲಿಲ್ಲ. ಶುಕ್ರವಾರ ಸಂಜೆ ಸದ್ದಿಲ್ಲದೆ ಸಹಿ ಹಾಕಿಬಿಡುತ್ತಿದ್ದರು, ನಾವು ಶನಿವಾರ ಪೇಪರಿನಲ್ಲಿ ಓದುತ್ತಿದ್ದೆವು. ರೋಸಿಹೋಗಿ ನಮ್ಮ ಸೆನೆಟರ್ ಹೌಗೆನ್ ಈ ಕಾನೂನು ಬರೆದರು. ಹನ್ನೊಂದು ಕರಡು. ಹನ್ನೊಂದನ್ನೂ ಟೈಪ್ ಮಾಡಿದವಳು ನಾನು.

ನಾಳೆ ಒಂದನೇ ದಿನ. ಜೂನ್ ಹನ್ನೊಂದಕ್ಕೆ ಮೂವತ್ತು.

ಮೇ 14, ಬುಧವಾರ

ಮಿರೆಲಾಗೆ ಫೋನ್ ಮಾಡಿ ಹೇಳಿದೆ. ಪೇಪರಿನಲ್ಲಿ ಓದುವ ಮುಂಚೆ ನನ್ನ ಬಾಯಿಂದ ಕೇಳಲಿ ಎಂದು. ಕೆಲಸದ ಮಧ್ಯೆ ಇದ್ದಳು. ಹಯಾಟ್ಸ್‌ವಿಲ್‌ನ ವೃದ್ಧಾಶ್ರಮದಲ್ಲಿ ಆಯಾ. ಆ ಜನರಲ್‌ನ ದೇಶದವಳು, ಅಲ್ಲಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು.

ಗಂಡ ಗಾವ್ರಿಲ್ ಅಲ್ಲಿ ರೈಲ್ವೆ ಸಿಗ್ನಲ್ ಕೆಲಸದಲ್ಲಿದ್ದವನು. ರಾತ್ರಿ ಬೀಗ ಹಾಕಿದ ಬೋಗಿಗಳಲ್ಲಿ ಜನರನ್ನು ಸಾಗಿಸುತ್ತಿದ್ದರು. ಅವುಗಳ ನಂಬರು ಬರೆದಿಟ್ಟ, ಹೊರಗಿನವರಿಗೆ ಕೊಟ್ಟ. ಅಷ್ಟೇ ಅವನ ಅಪರಾಧ. ಒಂಬತ್ತು ವರ್ಷವಾಯಿತು ಒಳಗೆ. ಅವನ ಹಾಗೆ ಇನ್ನೂ ನಲವತ್ತು ಮಂದಿ ಉಳಿದಿದ್ದಾರೆ. ಮೊದಲು ನೂರರ ಹತ್ತಿರ ಇದ್ದರು. ವರ್ಷಕ್ಕೊಮ್ಮೆ ನಾವು ನಿರ್ಬಂಧದ ಪರಿಶೀಲನೆಗೆ ಕೂರುವ ಮುಂಚಿನ ವಾರ ಜನರಲ್ ಐದೋ ಆರೋ ಮಂದಿಯನ್ನು ಬಿಡುತ್ತಾನೆ, ಒಳ್ಳೆಯವನೆನ್ನಿಸಿಕೊಳ್ಳಲು. ಹಗ್ಗ ಬಿಗಿಯಾಗಿ ಹಿಡಿದರೆ ಕೊಡ ಮೇಲೆ ಬರುತ್ತದೆ. ಈ ಸಲದ ಪಟ್ಟಿಯಲ್ಲಿ ಗಾವ್ರಿಲ್ ಹೆಸರಿದೆ ಎಂದು ಎರಡು ಕಡೆಯಿಂದ ಸುದ್ದಿ ಬಂದಿತ್ತು. ಈಗ ಹಗ್ಗವನ್ನೇ ಬಿಟ್ಟರೆ ಜನರಲ್ ಯಾರನ್ನಾದರೂ ಯಾಕೆ ಬಿಡುತ್ತಾನೆ?

ಅವಳು ಅಳಲಿಲ್ಲ. ಅಳುವವಳಲ್ಲ.

“ನೀವು ದಿನ ಎಣಿಸ್ತೀರಿ, ನಾನು ವರ್ಷ ಎಣಿಸ್ತೀನಿ. ಯಾರ ಲೆಕ್ಕ ಮೊದಲು ಮುಗಿಯುತ್ತೋ ನೋಡೋಣ, ಡೊರೀನ್.”

ನಿಲ್ಲಿಸುತ್ತೇವೆ ಎಂದೆ. ಪ್ರಯತ್ನ ಮಾಡುತ್ತೇವೆ ಎನ್ನಬೇಕಿತ್ತು. ನಿಲ್ಲಿಸುತ್ತೇವೆ ಎಂದುಬಿಟ್ಟೆ.

ಮೇ 20, ಮಂಗಳವಾರ. ರಾತ್ರಿ

ಸಮಿತಿಯಲ್ಲಿ ವಿಚಾರಣೆ. ಅಧ್ಯಕ್ಷರ ಕಡೆಯ ಅಧಿಕಾರಿ ಮೂರು ತಾಸು ಕೂತ. ಅಚ್ಚುಕಟ್ಟು ಮನುಷ್ಯ, ನೀರನ್ನೂ ಅಳತೆ ಮಾಡಿ ಕುಡಿಯುತ್ತಾನೆ. ‘ಗಣನೀಯ ಪ್ರಗತಿ’ — ಹದಿನೇಳು ಸಲ ಅಂದ. ಅಂಚಿನಲ್ಲಿ ಗೆರೆ ಹಾಕುತ್ತ ಬಂದೆ.

ಸೆನೆಟರ್ ಕೇಳಿದ್ದು ಒಂದೇ. ಇನ್ನೂ ಎಷ್ಟು ಮಂದಿ ಒಳಗಿದ್ದಾರೆ? ಸಂಖ್ಯೆ ಪರಿಶೀಲನೆಯಲ್ಲಿದೆ ಎಂದ ಆತ.

“ನಲವತ್ತೊಂದು ಕಣಪ್ಪ. ಪರಿಶೀಲನೆ ಏನು ಬಂತು, ನನ್ನ ಮೊಮ್ಮಗಳು ಅಷ್ಟು ಎಣಿಸ್ತಾಳೆ. ಇನ್ನೂ ಶಾಲೆಗೆ ಸೇರಿಲ್ಲ ಅವಳು.”

ಜನ ನಕ್ಕರು. ಸೆನೆಟರ್ ನಗಲಿಲ್ಲ. ಕನ್ನಡಕ ಏರಿಸಿ ನಲವತ್ತೊಂದು ಹೆಸರನ್ನೂ ಓದಿದರು. ಅವರದು ಡಕೋಟಾದ ನಾಲಿಗೆ. ಒಂದು ಹೆಸರೂ ಸರಿಯಾಗಿ ತಿರುಗಲಿಲ್ಲ. ಹಿಂದಿನ ಸಾಲಿನಲ್ಲಿ ಕೂತ ಮಿರೆಲಾ ಒಂದೊಂದು ಹೆಸರನ್ನೂ ತುಟಿಯಲ್ಲೇ ತಿದ್ದುತ್ತಿದ್ದಳು. ಅವರ ಪಾಲಿನ ಐದು ನಿಮಿಷ ಮುಗಿದು ಎರಡು ನಿಮಿಷವಾಗಿತ್ತು. ಪೀಠದಲ್ಲಿದ್ದವರು ಗಂಟೆ ಬಾರಿಸಲಿಲ್ಲ.

ಹೊರಗೆ ಬಂದ ಮೇಲೆ ಅವಳು ಸೆನೆಟರ ಕೈ ಹಿಡಿದು ಏನೋ ಹೇಳಿದಳು, ಅವಳ ಭಾಷೆಯಲ್ಲಿ. ಇವರಿಗೆ ಕಿವಿ ಮೊದಲೇ ಮಂದ. ಅರ್ಥವಾದವರ ಹಾಗೆ ತಲೆಯಾಡಿಸಿದರು.

ಮೇ 22, ಗುರುವಾರ

ಕೆಳಮನೆ ಪಾಸು ಮಾಡಿತು. ನಿರೀಕ್ಷೆಗಿಂತ ಅರವತ್ತು ಮತ ಹೆಚ್ಚು. ಅಧ್ಯಕ್ಷರ ಪಕ್ಷದವರೇ ಅಷ್ಟು ಮಂದಿ ಕೈಕೊಟ್ಟರು.

ಇನ್ನು ನಮ್ಮ ಮನೆ, ಸೆನೆಟ್. ನನ್ನ ಪಟ್ಟಿಯ ಪ್ರಕಾರ ನಿರ್ಣಯದ ಪರ 49, ವಿರುದ್ಧ 51. ಸರಿಸಮವಾದರೂ ನಿರ್ಣಯ ಬಿದ್ದ ಹಾಗೆ. ಮತ ಜೂನ್ ಹತ್ತಕ್ಕೆ. ಅಷ್ಟರೊಳಗೆ ಇಬ್ಬರು ಈ ಕಡೆ ದಾಟಬೇಕು.

ನಾಳೆಯಿಂದ ರಜಾವಾರ. ಎಲ್ಲರೂ ಊರಿಗೆ. ನಾನು ಇಲ್ಲೇ.

ಜೂನ್ 2, ಸೋಮವಾರ. 21ನೇ ದಿನ

ಮರಳಿ ಕೆಲಸ. ಸೆನೆಟರ್ ಇನ್ನೂ ತಮ್ಮೂರು ಬಿಸ್ಮಾರ್ಕ್‌ನಿಂದ ಬರುವ ವಿಮಾನದಲ್ಲಿ. ಬೆಳಿಗ್ಗೆಯಿಂದ ಫೋನು ಕೆಳಗಿಡಲು ಬಿಟ್ಟಿಲ್ಲ.

ಊನಾ ಫೋನ್ ಮಾಡಿದಳು. ಎದುರು ಪಕ್ಷದ ಸೆನೆಟರ್ ಟೆಲ್‌ಫೇರ್ ಅವರ ಕಚೇರಿ ನಡೆಸುವವಳು. ನಾವಿಬ್ಬರೂ ಒಂದೇ ವರ್ಷ ಇಲ್ಲಿಗೆ ಸೇರಿದವರು. ಇಪ್ಪತ್ತಾರು ವರ್ಷದಿಂದ ರಾಜಕೀಯ ಒಂದು ಬಿಟ್ಟು ಎಲ್ಲ ಮಾತಾಡಿದ್ದೇವೆ. ಟೆಲ್‌ಫೇರ್ ಅವರ ಹೆಂಡತಿ ಲೆನೋರಾಗೆ ಕಾಯಿಲೆ ಜೋರಾಗಿದೆ. ಇನ್ನು ದಿನದ ಮಾತು ಅಂದಿದ್ದಾರಂತೆ ಡಾಕ್ಟರು. ಟೆಲ್‌ಫೇರ್ ನಾಳೆಯೇ ಊರಿಗೆ, ಜಾರ್ಜಿಯಾಕ್ಕೆ ಹೊರಡುತ್ತಾರೆ. ಗುರುವಾರ ಇಬ್ಬರು ನ್ಯಾಯಾಧೀಶರ ನೇಮಕಕ್ಕೆ ಮತವಿದೆ, ನಿಮ್ಮವರು ಗುರುವಾರ ಜೋಡಿ ಕೊಡುತ್ತಾರಾ ಎಂದು ಕೇಳಿದಳು.

ಈ ಜೋಡಿ ಎಂಬುದು ಈಗಿನ ಹುಡುಗರಿಗೆ ಗೊತ್ತೇ ಇಲ್ಲ. ಹೋದ ವಾರ ಒಬ್ಬನನ್ನು ಕೂರಿಸಿ ಹೇಳಿಕೊಡಬೇಕಾಯಿತು. ಬರಲಾಗದವನೊಬ್ಬ, ಅವನಿಗೆ ಎದುರಾಗಿ ಮತ ಹಾಕುವವನೊಬ್ಬ. ಇದ್ದವನು ಎದ್ದು ನಿಂತು, ಇಂಥವರೊಂದಿಗೆ ಜೋಡಿಯಾಗಿದ್ದೇನೆ ಎಂದು ಹೇಳಿ ತನ್ನ ಮತ ತಡೆಹಿಡಿಯುತ್ತಾನೆ. ಒಂದಕ್ಕೊಂದು ಹೊಡೆದುಹೋಗುತ್ತದೆ. ಬರಹವಿಲ್ಲ, ಸಹಿಯಿಲ್ಲ. ಬಾಯಿಮಾತು. ತಪ್ಪಿದರೆ ಶಿಕ್ಷೆಯೂ ಇಲ್ಲ. ಆದರೆ ತಪ್ಪಿದವನ ಜೊತೆ ಆಮೇಲೆ ಯಾರೂ ಮಾತಿಗೆ ಕೂರುವುದಿಲ್ಲ.

“ಕೊಡ್ತಾರೆ, ಇಡೀ ಗುರುವಾರಕ್ಕೆ ಕೊಟ್ಟೆ ಅಂದ್ಕೊ. ಗಡಿಯಾರ ನೋಡ್ಬೇಡಿ ಅಂತ ಹೇಳು ಅವರಿಗೆ,” ಅಂದೆ.

ಸೆನೆಟರನ್ನು ಕೇಳಬೇಕಾಗಿರಲಿಲ್ಲ. ಹಿಂದೆಯೂ ನಾಲ್ಕು ಸಲ ಹೀಗೇ ಕೊಟ್ಟಿದ್ದೇನೆ. ಆಮೇಲೆ ಹೇಳಿದರೆ ಹೂಂ ಅಂದಿದ್ದಾರೆ. ಅವರ ಹೌದು ಅಲ್ಲ ಎರಡೂ ನನ್ನ ನಾಲಿಗೆಯ ಮೇಲೇ ಇರುತ್ತವೆ ಎಂದು ಊನಾ ಚುಡಾಯಿಸುವುದುಂಟು. ಚೀಟಿ ಬರೆದು ಗುರುವಾರದ ನ್ಯಾಯಾಧೀಶರ ಫೈಲಿಗೆ ಪಿನ್ ಮಾಡಿದೆ.

ಪಾಪ ಲೆನೋರಾ. ಕ್ರಿಸ್ಮಸ್‌ಗೆ ಪ್ರತಿವರ್ಷ ನನಗೆ ಪೀಕನ್ ಬೀಜ ಹಾಕಿದ ಸಿಹಿ ಕಳಿಸುತ್ತಿದ್ದರು, ಎದುರು ಪಕ್ಷ ಎಂದು ನೋಡದೆ.

ಜೂನ್ 3, ಮಂಗಳವಾರ. 22

ಸಂಜೆ ಬಹುಮತದ ನಾಯಕರ ಕಚೇರಿಯಿಂದ ಹೊಸ ಪಟ್ಟಿ. ನಮ್ಮ ನಿರ್ಣಯದ ಮತ ಹತ್ತನೇ ತಾರೀಖಿನಿಂದ ಹಿಂದಕ್ಕೆ ಬಂದು ಗುರುವಾರ ಮಧ್ಯಾಹ್ನ ಎರಡೂವರೆಗೆ. ಕೈಯಲ್ಲಿ ಎರಡು ಮತ ಜಾಸ್ತಿ ಇರುವಾಗಲೇ ಮುಗಿಸಿಬಿಡುವ ಆತುರ ಅವರಿಗೆ. ನ್ಯಾಯಾಧೀಶರ ಮತ ಮುಂದಿನ ವಾರಕ್ಕೆ. ಆ ಫೈಲು ಬೀರುವಿಗೆ ಹೋಯಿತು.

ಮಿರೆಲಾಗೆ ಗ್ಯಾಲರಿಯ ಪಾಸು ತೆಗೆದಿಟ್ಟೆ. ಗುರುವಾರ ರಜೆ ಕೇಳಿಕೊಳ್ಳುತ್ತಾಳಂತೆ. ಎಣಿಕೆ ಎಷ್ಟಾಯಿತು ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಜೂನ್ 4, ಬುಧವಾರ. ಬೆಳಿಗ್ಗೆ 11

ಎಲ್ಲ ಕೆಲಸ ಬಿಟ್ಟು ಬರೆಯಲು ಕೂತಿದ್ದೇನೆ. ಖುಷಿಗೆ.

ಅಧ್ಯಕ್ಷರ ಪಕ್ಷದ ಒಬ್ಬರು — ಹೆಸರು ಇಲ್ಲಿ ಬೇಡ — ಹಿಂಬಾಗಿಲಿನಿಂದ ಸೆನೆಟರ ಕೋಣೆಗೆ ಬಂದು ಹತ್ತು ನಿಮಿಷ ಕೂತು ಹೋದರು. ಆ ನಲವತ್ತೊಂದು ಹೆಸರು ಕೇಳಿದ ಮೇಲೆ ನಿದ್ದೆ ಇಲ್ಲವಂತೆ. ನಾಳೆ ನಮ್ಮ ಜೊತೆ ಮತ ಹಾಕುತ್ತಾರೆ. ಆದರೆ ತಮ್ಮ ಹೆಸರು ಕೂಗುವ ತನಕ ಯಾರಿಗೂ ತಿಳಿಯಬಾರದು, ತಿಳಿದರೆ ಹಿಂಡಿಹಾಕುತ್ತಾರೆ ಎಂದರು.

ಅಂದರೆ 50–50. ಸರಿಸಮ. ಬಿದ್ದ ಹಾಗೆಯೇ. ಆದರೆ ಟೆಲ್‌ಫೇರ್ ಊರಲ್ಲಿಲ್ಲ. ಅವರ ಕಡೆ ಒಂದು ಕಡಿಮೆ. 50–49.

ಸೆನೆಟರ್ ಬೆರಳಲ್ಲಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು. “ಗೆದ್ವಿ ಕಣಮ್ಮ,” ಅಂದರು, ಮೆಲ್ಲಗೆ.

ಒಂದು ಹೆಂಗಸು ಸಾಯುತ್ತಿರುವುದರಿಂದ ನಾವು ಗೆಲ್ಲುತ್ತಿದ್ದೇವೆ. ಇದು ಹೊಳೆಯಿತು. ಹೊಳೆದರೂ ಖುಷಿ ಕಡಿಮೆಯಾಗಲಿಲ್ಲ. ಸುಳ್ಳು ಯಾಕೆ ಬರೆಯಲಿ.

ಅದೇ ದಿನ. ಮಧ್ಯಾಹ್ನ 2.15

ಊನಾ ಜೊತೆ ಊಟ. ಕೆಳಗಿನ ಕ್ಯಾಂಟೀನ್, ಎಂದಿನ ಹುರುಳಿಕಾಯಿ ಬೀಜದ ಸೂಪು. ಅವಳ ಕಣ್ಣು ಊದಿಕೊಂಡಿತ್ತು. ಬೆಳಿಗ್ಗೆ ಟೆಲ್‌ಫೇರ್ ಅವರ ಜೊತೆ ಮಾತಾಡಿದಳಂತೆ. ಲೆನೋರಾಗೆ ಆಗಾಗ ಪ್ರಜ್ಞೆ ಬರುತ್ತದೆ, ಬಂದಾಗಲೆಲ್ಲ ಗಂಡನ ಕೈ ತಡಕುತ್ತಾರಂತೆ.

“ನಾಳೆ ಬೆಳಗಿನ ವಿಮಾನಕ್ಕೆ ಓಡಿ ಬರ್ತೀನಿ ಅಂತಿದ್ರು, ನಿರ್ಣಯದ ಮತ ಗುರುವಾರಕ್ಕೆ ಬಂತಲ್ಲ ಅಂತ. ಬೇಡ, ಡೊರೀನ್ ಜೋಡಿ ಕೊಟ್ಟಿದ್ದಾಳೆ, ಇಡೀ ದಿನಕ್ಕೆ ಕೊಟ್ಟಿದ್ದಾಳೆ ಅಂದೆ. ಫೋನಲ್ಲೇ ಅತ್ತುಬಿಟ್ರು ಕಣೆ ಆ ಮನುಷ್ಯ.”

ಚಮಚ ಕೈಯಲ್ಲೇ ಉಳಿಯಿತು.

ಇಪ್ಪತ್ತಾರು ವರ್ಷ. ಬೇರೆಯವರ ತಾರೀಖು, ಬೇರೆಯವರ ಗಂಟೆ, ಬೇರೆಯವರ ಮಾತು ಎಲ್ಲ ನೆನಪಿಟ್ಟವಳು. ನಾನು ಕೊಟ್ಟ ಮಾತು ನನಗೇ ನೆನಪಿಲ್ಲ. ಚೀಟಿ ನ್ಯಾಯಾಧೀಶರ ಫೈಲಿನಲ್ಲಿ, ಫೈಲು ಬೀರುವಿನಲ್ಲಿ. ಸೆನೆಟರಿಗೆ ಇಂದಿಗೂ ಗೊತ್ತಿಲ್ಲ.

ಊನಾಗೆ ಎಣಿಕೆ ಗೊತ್ತಿಲ್ಲ. ಅವಳ ಲೆಕ್ಕದಲ್ಲಿ ಅವಳ ಪಕ್ಷದವರು ಹೇಗೂ ಗೆಲ್ಲುತ್ತಾರೆ. ಜೋಡಿ ಎಂದರೆ ಟೆಲ್‌ಫೇರ್ ಗೈರುಹಾಜರಾದರು ಎಂಬ ಕಪ್ಪುಚುಕ್ಕೆ ಬೀಳದ ಹಾಗೆ ಒಂದು ಮರ್ಯಾದೆ. ಸೂಪು ಕುಡಿದಳು. ನನ್ನ ಕೈ ಒತ್ತಿ ಎದ್ದುಹೋದಳು.

ಅದೇ ದಿನ. ಸಂಜೆ

ಕಚೇರಿಯಲ್ಲಿ ಎಲ್ಲರೂ ನಾಳೆಯ ಸಂಭ್ರಮದಲ್ಲಿದ್ದಾರೆ. ನಾನು ಬೀರು ತೆಗೆದು ಚೀಟಿ ನೋಡಿದೆ. ನನ್ನದೇ ಅಕ್ಷರ. ‘ಟೆಲ್‌ಫೇರ್ ಜೊತೆ ಜೋಡಿ. ಗುರು, ಇಡೀ ದಿನ.’ ಮತ್ತೆ ಅಲ್ಲೇ ಇಟ್ಟೆ.

ಹರಿದು ಹಾಕಿದರೆ? ಸೆನೆಟರ್ ಏನೂ ತಿಳಿಯದೆ ಹೌದು ಎನ್ನುತ್ತಾರೆ, ನಿರ್ಣಯ ಗೆಲ್ಲುತ್ತದೆ. ಜನರಲ್ ಕಟ್ಟಿನಲ್ಲೇ ಉಳಿಯುತ್ತಾನೆ. ಪಟ್ಟಿಯಲ್ಲಿರುವವರು ಹೊರಗೆ ಬರುತ್ತಾರೆ. ಗಾವ್ರಿಲ್ ಬರುತ್ತಾನೆ. ಊನಾ ನನ್ನ ಮುಖ ನೋಡುವುದಿಲ್ಲ. ನೋಡದಿದ್ದರೆ ಬಿಡಲಿ, ಒಂದು ಜೀವಕ್ಕಿಂತ ಹೆಚ್ಚೇ? ನ್ಯಾಯಾಧೀಶರ ಮತಕ್ಕೆ ಮಾತ್ರ ಅಂದುಕೊಂಡಿದ್ದೆ ಎನ್ನಬಹುದು. ನಂಬುತ್ತಾಳೆ ಕೂಡ.

ಈಗ ಊನಾಗೆ ಫೋನ್ ಮಾಡಿ ಜೋಡಿ ಇಲ್ಲ ಎಂದರೆ? ಟೆಲ್‌ಫೇರ್ ಮೊದಲ ವಿಮಾನ ಹತ್ತುತ್ತಾರೆ. 50–50. ನಿರ್ಣಯ ಬೀಳುತ್ತದೆ. ಲೆನೋರಾ ಒಬ್ಬರೇ ಹೋಗುತ್ತಾರೆ. ಎರಡೂ ಕಡೆ ನಷ್ಟ.

ಹಾಗಾಗಿ ಉಳಿದದ್ದು ಎರಡೇ. ಬಾಯಿ ಮುಚ್ಚಿಕೊಂಡಿರುವುದು, ಇಲ್ಲವೇ ಸೆನೆಟರಿಗೆ ಹೇಳುವುದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಆಡಿದ್ದು ನನ್ನ ಮಾತೂ ಅಲ್ಲ.

ಜೂನ್ 5, ಗುರುವಾರ. 24ನೇ ದಿನ. ಬೆಳಿಗ್ಗೆ 9.40

ಹೇಳಿದೆ.

ಏಳು ಗಂಟೆಗೇ ಬಂದಿದ್ದರು. ಭಾಷಣ ತಿದ್ದುತ್ತಿದ್ದರು. ಬಾಗಿಲು ಹಾಕಿಕೊಂಡು ನಿಂತೇ ಹೇಳಿದೆ. ಸೋಮವಾರದ ಫೋನು, ಫೈಲು, ಬೀರು. ಚೀಟಿ ಮೇಜಿನ ಮೇಲಿಟ್ಟೆ.

ಎರಡು ಸಲ ಓದಿದರು. ಕಿವಿಯ ಯಂತ್ರ ಕಳಚಿ ಮೇಜಿನ ಮೇಲಿಟ್ಟರು. ಇನ್ನು ಕೇಳುವುದು ಬೇಡ ಎಂದಾಗ ಹಾಗೆ ಮಾಡುತ್ತಾರೆ. ಆಮೇಲೆ ಮತ್ತೆ ಹಾಕಿಕೊಂಡರು.

“ಯಾರನ್ನ ಕೇಳಿ ಕೊಟ್ಟೆ?”

ಯಾರನ್ನೂ ಕೇಳಲಿಲ್ಲ ಎಂದೆ.

“ಎಣಿಕೆ ಊನಾಗೆ ಗೊತ್ತಾ?”

ಇಲ್ಲ.

ಫೋನು ಎತ್ತಿಕೊಂಡರು. ಟೆಲ್‌ಫೇರ್‌ಗೇ ಮಾಡಿ, ಈ ಒಂದು ಮತಕ್ಕೆ ಬಿಟ್ಟುಬಿಡಪ್ಪಾ ಎಂದು ಕೇಳುವ ಯೋಚನೆ. ಮೂರೋ ನಾಲ್ಕೋ ಅಂಕಿ ಒತ್ತಿದರು. ಕೆಳಗಿಟ್ಟರು. ಹೆಂಡತಿಯ ಕೈ ಹಿಡಿದು ಕೂತವನಿಗೆ ಏನೆಂದು ಕೇಳಲಿ ಎಂದರು. ನಮ್ಮ ಸೆನೆಟರ ಹೆಂಡತಿ ತೀರಿಕೊಂಡ ದಿನ ಅವರು ಇಲ್ಲಿ ಬಜೆಟ್ ಮತಕ್ಕೆ ನಿಂತಿದ್ದರು. ಅದು ನಮ್ಮಿಬ್ಬರಿಗೂ ನೆನಪಾಯಿತು.

ಚೀಟಿ ಹರಿದು ಹಾಕಬಹುದಿತ್ತು, ನಿನ್ನೆಯೆಲ್ಲ ಅದನ್ನೇ ಯೋಚಿಸಿದೆ ಎಂದೂ ಹೇಳಿದೆ. ಹೇಳಬೇಕಿರಲಿಲ್ಲ, ಹೇಳಿದೆ. ಚೀಟಿ ಮಡಚಿ ಜೇಬಿಗಿಟ್ಟುಕೊಂಡರು.

“ಹರಿದು ಹಾಕಿದ್ರೆ ನನಗೆ ಒಳ್ಳೇದಾಗ್ತಿತ್ತು, ಡೊರೀನ್. ಆದ್ರೆ ಒಂದು ತಿಳ್ಕೊ. ಅಧ್ಯಕ್ಷನ ಬಾಯಿಮಾತು ನಂಬಬೇಡಿ, ಕಾಗದದಲ್ಲಿ ತರಿಸಿ, ಮೂವತ್ತು ದಿನ ನೋಡಿ ಅಂತ ಈ ಮನೆಗೆ ಹೇಳಿಕೊಟ್ಟೋನು ನಾನು. ಇವತ್ತು ನನ್ನ ಬಾಯಿಮಾತೇ ಸುಳ್ಳಾದ್ರೆ, ನಾಳೆ ಯಾವ ಮುಖ ಇಟ್ಕೊಂಡು ಅವನನ್ನ ಕೇಳ್ಲಿ? ನೀನು ಕೊಟ್ಟಿದ್ದು ನಾನು ಕೊಟ್ಟ ಹಾಗೇ.”

ಆಮೇಲೆ ಇನ್ನೊಂದು ಮತ ಸಿಗುತ್ತದೋ ನೋಡೋಣ ಎಂದರು. ಏಳೂವರೆಯಿಂದ ಫೋನಿನ ಮೇಲೆ ಫೋನು. ಆರು ಮಂದಿ. ನಾಲ್ವರು ಆಗುವುದಿಲ್ಲ ಎಂದರು, ಒಬ್ಬರು ಎತ್ತಲಿಲ್ಲ, ಒಬ್ಬರು ನಕ್ಕರು. ಈಗ ಒಬ್ಬರೇ ಒಳಗಿದ್ದಾರೆ. ಭಾಷಣದ ಹಾಳೆಗಳು ಹಾಗೆಯೇ ಬಿದ್ದಿವೆ.

ಮಿರೆಲಾ ಎರಡೂಕಾಲಿಗೆ ಬರುತ್ತಾಳೆ. ಮೊದಲೇ ಹೇಳಬೇಕು.

ಅದೇ ದಿನ. ಸಂಜೆ 6.30

ಹೇಳಲಿಲ್ಲ.

ಬಂದಳು. ನೀಲಿ ಕೋಟು, ಇಸ್ತ್ರಿ ಹಾಕಿದ್ದು. ಬಾಯಿ ತೆರೆಯುವ ಮೊದಲೇ ನನ್ನನ್ನು ತಬ್ಬಿಕೊಂಡಳು. ಕಾರಿಡಾರಿನಲ್ಲಿ ಜನ, ಮತದಾನಕ್ಕೆ ಗಂಟೆ ಬಾರಿಸಲು ಶುರುವಾಗಿತ್ತು. ಮೇಲೆ ಗ್ಯಾಲರಿಗೆ ಕಳಿಸಿದೆ. ಇದನ್ನು ಹೇಡಿತನ ಎನ್ನದೆ ಬೇರೆ ಹೆಸರಿಲ್ಲ.

ನಾನು ಸೆನೆಟರ ಮೇಜಿನ ಹಿಂದಿನ ಬೆಂಚಿನ ಮೇಲೆ ಕೂತೆ. ಹೆಸರು ಕೂಗುತ್ತ ಬಂದರು. ನಮ್ಮ ಹಿಂಬಾಗಿಲಿನ ಅತಿಥಿಯ ಸರದಿ. ಹೌದು ಎಂದರು, ಗಟ್ಟಿಯಾಗಿ. ಇಡೀ ಸಭೆ ತಿರುಗಿ ನೋಡಿತು. ಬಹುಮತದ ನಾಯಕರು ಪಟ್ಟಿ ಹುಡುಕಿದರು. ಊನಾ ಗೋಡೆಯ ಹತ್ತಿರ ನಿಂತಿದ್ದಳು. ಅವಳ ಲೆಕ್ಕ ಅಲ್ಲೇ ಓಡುತ್ತಿದ್ದುದು ಕಾಣಿಸಿತು. ನನ್ನ ಕಡೆ ನೋಡಿದಳು. ಬೇಡಿಕೊಳ್ಳಲಿಲ್ಲ, ಹೆದರಿಸಲಿಲ್ಲ, ಬರೇ ನೋಡಿದಳು.

ಸೆನೆಟರ ಹೆಸರು ಕೂಗಿದಾಗ ಎದ್ದರು. ಎರಡೂ ಕೈ ಮೇಜಿಗೆ ಊರಿ.

“ಸಭಾಪತಿಗಳೇ, ಈ ಮತದಲ್ಲಿ ಜಾರ್ಜಿಯಾದ ಸೆನೆಟರ್ ಟೆಲ್‌ಫೇರ್ ಅವರೊಂದಿಗೆ ನಾನು ಜೋಡಿಯಾಗಿದ್ದೇನೆ. ಅವರು ಇಲ್ಲಿದ್ದಿದ್ದರೆ ಇಲ್ಲ ಎನ್ನುತ್ತಿದ್ದರು. ಮತ ಹಾಕುವ ಸ್ವಾತಂತ್ರ್ಯ ನನಗಿದ್ದಿದ್ದರೆ ಹೌದು ಎನ್ನುತ್ತಿದ್ದೆ. ಆದ್ದರಿಂದ ನನ್ನ ಮತವನ್ನು ತಡೆಹಿಡಿಯುತ್ತೇನೆ.”

ಧ್ವನಿ ಒಡೆಯಲಿಲ್ಲ. ಕೂರುವಾಗ ಕುರ್ಚಿ ಎಲ್ಲಿದೆ ಎಂದು ಕೈಯಿಂದ ತಡಕಬೇಕಾಯಿತು.

49–49. ನಿರ್ಣಯ ಬಿತ್ತು.

ಮೇಲೆ ನೋಡಿದೆ. ಮಿರೆಲಾ ಇನ್ನೂ ಮುಂದಕ್ಕೆ ಬಾಗಿ ಕೂತಿದ್ದಳು, ಇನ್ನೂ ಏನೋ ಬಾಕಿಯಿದೆ ಎಂಬಂತೆ. ಪಕ್ಕದವರು ಏನೋ ಹೇಳಿದರು. ಆಗ ಎದ್ದಳು. ನಾನು ಮೆಟ್ಟಿಲು ಹತ್ತಿ ಹೋಗುವಷ್ಟರಲ್ಲಿ ಅವಳಿರಲಿಲ್ಲ.

ಜೂನ್ 6, ಶುಕ್ರವಾರ

ಲೆನೋರಾ ತೀರಿಕೊಂಡರು. ನಿನ್ನೆ ಸಂಜೆ ನಾಲ್ಕಕ್ಕೆ. ಊನಾ ಬಂದು ಹೇಳಿದಳು. ಕೊನೆಯವರೆಗೂ ಗಂಡ ಪಕ್ಕದಲ್ಲೇ ಇದ್ದರಂತೆ. ಬಾಗಿಲಲ್ಲೇ ನಿಂತಿದ್ದಳು, ಒಳಗೆ ಬರಲಿಲ್ಲ.

“ಎಣಿಕೆ ನಿನಗೆ ಗೊತ್ತಿತ್ತು,” ಅಂದಳು. ಗೊತ್ತಿತ್ತು ಎಂದೆ. “ನನಗೆ ಗೊತ್ತಿದ್ದಿದ್ರೆ ಸೂಪು ಕುಡಿಯುವಾಗ ಅಷ್ಟು ಮಾತಾಡಿ ನಿನ್ನನ್ನ ಕಟ್ಟಿಹಾಕ್ತಿರಲಿಲ್ಲ ಕಣೆ.”

ಪೇಪರಿನಲ್ಲಿ ಸೆನೆಟರ ಫೋಟೊ. ಹಳೆಯ ಕಾಲದ ದೊಡ್ಡ ಮನುಷ್ಯ, ಮಾತಿಗೆ ತಪ್ಪದವರು ಎಂದು ಎರಡೂ ಕಡೆಯವರು ಹೊಗಳಿದ್ದಾರೆ. ಸೆನೆಟರ್ ಓದದೆ ಮಡಚಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಈ ಮನೆಯ ಮರ್ಯಾದೆಗೆ ಬೆಲೆ ಕೊಡುತ್ತಿರುವವನು ಗಾವ್ರಿಲ್. ಅವನನ್ನು ಯಾರೂ ಕೇಳಿರಲಿಲ್ಲ.

ಮಿರೆಲಾಗೆ ಮೂರು ಸಲ ಫೋನ್ ಮಾಡಿದೆ. ಎತ್ತಲಿಲ್ಲ.

ಜೂನ್ 11, ಬುಧವಾರ. 30ನೇ ದಿನ. ರಾತ್ರಿ

ನಾಳೆಯಿಂದ ನಿರ್ಬಂಧ ಸಡಿಲ. ಅಧ್ಯಕ್ಷರ ಕಡೆಯವರು ಸಹಿಗೆ ಪೆನ್ನು ಹಿಡಿದು ಕೂತಿದ್ದಾರೆ. ಜನರಲ್‌ನ ವಿಮಾನಕ್ಕೆ ಪ್ಯಾರಿಸ್ಸಿನಲ್ಲಿ ಜಾಗ ಕೇಳಿದ್ದಾರಂತೆ ಆಗಲೇ. ಬಿಡುಗಡೆಯ ಪಟ್ಟಿಯ ಸುದ್ದಿ ನಿಂತುಹೋಗಿದೆ. ಸುದ್ದಿ ತಂದಿದ್ದ ಎರಡು ಕಡೆಯವರನ್ನೂ ಕೇಳಿದೆ. ಯಾವ ಪಟ್ಟಿ ಎಂದು ಅವರೇ ಕೇಳುತ್ತಿದ್ದಾರೆ.

ಬೆಳಿಗ್ಗೆ ಹನ್ನೊಂದು ಗಂಟೆಗೆ ಮಿರೆಲಾ ಬಂದಳು. ಹೇಳದೆ ಕೇಳದೆ. ರಾತ್ರಿಪಾಳಿ ಮುಗಿಸಿ ನೇರ ಬಂದಿದ್ದಳು, ಆಶ್ರಮದ ಸಮವಸ್ತ್ರದಲ್ಲೇ. ಕಾಫಿ ಬೇಡ ಎಂದಳು. ಕುರ್ಚಿಯ ತುದಿಯಲ್ಲಿ ಕೂತಳು.

“ಅವತ್ತು ಸೆನೆಟರು ಹೌದು ಅಂತೀನಿ ಅಂತಲೇ ಹೇಳಿದ್ರು, ಆಮೇಲೆ ಹೌದು ಅನ್ನಲಿಲ್ಲ. ಪೇಪರಿನವರು ಭಾರಿ ಒಳ್ಳೇದು ಮಾಡಿದ್ರು ಅಂತ ಬರೆದಿದ್ದಾರೆ. ನನಗೆ ತಿಳೀಲಿಲ್ಲ. ನೀವು ಹೇಳಿ.”

ಎಲ್ಲ ಹೇಳಿದೆ. ಜೋಡಿ ಎಂದರೇನು, ಊನಾ ಏನು ಕೇಳಿದಳು, ನಾನು ಏನೆಂದೆ. ಕೊಟ್ಟದ್ದು ಅವರಲ್ಲ, ನಾನು ಎಂದೆ. ಬುಧವಾರ ಚೀಟಿ ಕೈಯಲ್ಲಿ ಹಿಡಿದು ನಿಂತದ್ದನ್ನೂ ಮುಚ್ಚಿಡಲಿಲ್ಲ. ಹೇಳುತ್ತ ಹೇಳುತ್ತ ನನಗೇ ಅನ್ನಿಸಿತು, ಇದು ಯಾವ ಮಕ್ಕಳಾಟ, ಬೆಳೆದವರು ಆಡುವುದು.

ಪೂರ್ತಿ ಕೇಳಿದಳು. ಆಮೇಲೆ ನಾನು ನೆನೆಸಿರದ ಪ್ರಶ್ನೆ.

“ಆ ಅಮ್ಮ ಹೋಗುವಾಗ ಗಂಡ ಪಕ್ಕದಲ್ಲಿದ್ರಾ?”

ಇದ್ದರು ಎಂದೆ.

“ಒಳ್ಳೇದಾಯ್ತು. ನಮ್ಮ ಆಶ್ರಮದಲ್ಲಿ ಎಷ್ಟೋ ಜನ ಒಬ್ಬೊಬ್ಬರೇ ಹೋಗ್ತಾರೆ. ಕೊನೇ ಹೊತ್ತಲ್ಲಿ ನಾನೇ ಕೈ ಹಿಡ್ಕೊಂಡು ಕೂತಿರ್ತೀನಿ. ಹೆಸರು ಕೂಡ ತಪ್ಪು ಕರೀತಾರೆ ನನ್ನನ್ನ. ಇರಲಿ ಅಂತೀನಿ.”

ಕ್ಷಮಿಸಿಬಿಟ್ಟಳು ಎಂದುಕೊಂಡೆ. ಎಷ್ಟು ಬೇಗ ಅಂದುಕೊಂಡೆ. ಕಣ್ಣಲ್ಲಿ ನೀರು ಕೂಡ ಬಂತು, ನಾಚಿಕೆಯಿಲ್ಲದೆ.

ಅವಳು ಎದ್ದು ಕೋಟಿನ ಗುಂಡಿ ಹಾಕಿಕೊಂಡಳು.

“ಡೊರೀನ್, ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಆ ಚೀಟಿ ನುಂಗಿಬಿಡ್ತಿದ್ದೆ. ದೇವರಾಣೆ ಹಾಕಿ ಸುಳ್ಳು ಹೇಳ್ತಿದ್ದೆ. ನೀವು ಹೇಳಲಿಲ್ಲ. ನೀವು ಒಳ್ಳೆಯವರು ಅಂತ ಅಲ್ಲ ಅದು. ಗಾವ್ರಿಲ್ ನಿಮ್ಮವನಲ್ಲ, ಅದಕ್ಕೆ.”

ಸಿಟ್ಟಿರಲಿಲ್ಲ ಮಾತಿನಲ್ಲಿ. ಬಸ್ಸಿನ ಹೊತ್ತು ಹೇಳುವ ಹಾಗೆ ಹೇಳಿದಳು. ಹೋದಳು. ಲಿಫ್ಟಿನ ತನಕ ಹಿಂದೆಯೇ ಹೋದೆ. ಬಾಗಿಲು ಮುಚ್ಚುವಾಗ ನನ್ನ ಕಡೆ ತಿರುಗಲಿಲ್ಲ.

ಸಂಜೆಯಿಂದ ಅವಳಿಗೆ ಒಂದು ಕಾಗದ ಬರೆಯಲು ಕೂತಿದ್ದೇನೆ. ‘ನೀವು ಹೇಳಿದ್ದು ಸರಿಯಲ್ಲ’ ಎಂದು ಬರೆದೆ. ಹೊಡೆದು ಹಾಕಿದೆ. ‘ನೀವು ಹೇಳಿದ್ದು ಸರಿ’ ಎಂದು ಬರೆದೆ. ಅದನ್ನೂ ಹೊಡೆದೆ. ಈಗ ಆ ಹಾಳೆ ಬಿಟ್ಟು ಇಲ್ಲಿ ಬರೆಯುತ್ತಿದ್ದೇನೆ.

ಆ ಜೈಲಿನಲ್ಲಿ ಗಾವ್ರಿಲ್ ಬದಲು ನನ್ನ ತಮ್ಮ ಇದ್ದಿದ್ದರೆ? ಒಂಬತ್ತು ವರ್ಷ. ಕೈಯಲ್ಲಿ ಆ ಚೀಟಿ. ಗುರುವಾರ ಬೆಳಿಗ್ಗೆ ಏಳಕ್ಕೆ ಸೆನೆಟರ ಬಾಗಿಲು ತಟ್ಟುತ್ತಿದ್ದೆನೇ?

ತಟ್ಟುತ್ತಿದ್ದೆ. ಖಂಡಿತ ತಟ್ಟುತ್ತಿದ್ದೆ. ಇದನ್ನು ಓದುವವರು ಯಾರೂ ಇಲ್ಲ, ಸುಳ್ಳು ಬರೆಯುವ ಅಗತ್ಯ ನನಗಿಲ್ಲ. ತಟ್ಟು—